ಹಿಂದೆ ನಿಂತು ಹಾಡಿದವರು

ಮೊನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಎಲ್ಲಿಂದಲೋ ಆ ವಾಸನೆ ಬಂತು. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುತ್ತದಲ್ಲ, ಅದು. ಗಂಜಿ, ಹಬೆ, ಒಂದಿಷ್ಟು ಇದ್ದಿಲು... ನಮ್ಮ ಮನೆಯಲ್ಲಿ ಯಾರೂ ಇಸ್ತ್ರಿ ಮಾಡುತ್ತಿರಲಿಲ್ಲ. ಬೀದಿಯ ಕೊನೆಗೆ ತಳ್ಳುಗಾಡಿ ಬಂದು ನಿಂತಿತ್ತೋ ಏನೋ, ಎದ್ದು ನೋಡಲೂ ಇಲ್ಲ. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಕಣ್ಣು ಮುಚ್ಚಿದರೆ ಪಕ್ಕದ ಮನೆಯ ಮುಂದಿನ ಕೋಣೆ, ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ತೇಲುವ ನೂಲಿನ ಎಳೆಗಳು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಇಸ್ತ್ರಿಪೆಟ್ಟಿಗೆಯ ಮೇಲೆ ಬಾಗಿದ ಟೈಲರ್ ಚಾಚಾ.

ಹುಣಸೂರಿನ ನಮ್ಮ ಬೀದಿಯಲ್ಲಿ ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಟೈಲರ್ ಚಾಚಾ. ಅವರ ಹೆಂಡತಿ ಚಾಚಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಹೊಲಿಗೆ ಯಂತ್ರ ಓಡಿದರೆ ಈ ಕಡೆ ನಮ್ಮ ಗೂಡಿನಲ್ಲಿಟ್ಟ ಲೋಟ ಸಣ್ಣಗೆ ನಡುಗುತ್ತಿತ್ತು. ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ದಿನವೇ ಅವರನ್ನು ಗುರುತು ಹಿಡಿದು, "ಅಯ್ಯೋ, ನೀವಾ!" ಎಂದಿದ್ದೆ. ಅವರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕಿದ್ದರು.

ಅದಕ್ಕೂ ಮೊದಲಿನ ಮಾತು ಹೇಳಬೇಕು. ನನ್ನ ತವರು ಹನಗೋಡು. ಲಕ್ಷ್ಮಣತೀರ್ಥದ ದಂಡೆಗೆ ನಮ್ಮ ಗದ್ದೆ, ಮೇಲಿನ ಹೊಲದಲ್ಲಿ ಹೊಗೆಸೊಪ್ಪು. ಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರ ಜೊತೆ ಕೂತು ಹಾಡುತ್ತಾ ಬೆಳೆದವಳು ನಾನು. ಪಿಯುಸಿ ಓದುವ ಹೊತ್ತಿಗೆ ಹುಣಸೂರಿನ ಒಂದು ಆರ್ಕೆಸ್ಟ್ರಾದವರು ಬಂದು ಅಪ್ಪನನ್ನು ಒಪ್ಪಿಸಿ ನನ್ನನ್ನು ಗಾಯಕಿ ಮಾಡಿಕೊಂಡರು. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಬಿಡುವಿರುತ್ತಿರಲಿಲ್ಲ. ಹಂಪಾಪುರ, ರಾವಂದೂರು, ಕೆ.ಆರ್. ನಗರದ ಸುತ್ತಿನ ಹಳ್ಳಿಗಳು... ಒಂದು ವ್ಯಾನು, ಅದರ ತುಂಬ ನಾವು, ನಮ್ಮ ಕಾಲ ಕೆಳಗೆ ಡ್ರಮ್ಮು. ವೇದಿಕೆಯ ಮುಂದೆ ನಾನು ಮತ್ತು ಒಬ್ಬ ಗಾಯಕ. ನಮ್ಮ ಹಿಂದೆ, ಬಣ್ಣದ ಬಲ್ಬುಗಳ ಬೆಳಕು ಅರ್ಧ ಮಾತ್ರ ತಲುಪುವ ಜಾಗದಲ್ಲಿ, ಒಂದೇ ಮೈಕಿಗೆ ಮೂವರು ತಲೆ ಸೇರಿಸಿ ನಿಲ್ಲುತ್ತಿದ್ದರು. ನಾನು ಒಂದು ಸಾಲು ಹಾಡಿದರೆ ಅವರು "ಆ..." ಎನ್ನುತ್ತಿದ್ದರು. ಇನ್ನೊಂದು ಸಾಲಿಗೆ "ಓಹೋ..." ಎನ್ನುತ್ತಿದ್ದರು. ಆ ಮೂವರಲ್ಲಿ ನಡುವಿನವರು ಟೈಲರ್ ಚಾಚಾ. ನನ್ನ ಮೊದಲ ಸ್ಟೇಜಿನ ರವಿಕೆ ಹೊಲಿದವರೂ ಅವರೇ.

ಕಾರ್ಯಕ್ರಮದ ನಡುವೆ ನಿರೂಪಕ ಎಲ್ಲರ ಹೆಸರು ಹೇಳಿ ಚಪ್ಪಾಳೆ ಕೊಡಿಸುತ್ತಿದ್ದ. ಕೀಬೋರ್ಡಿನಲ್ಲಿ ಇಂಥವರು, ತಬಲಾದಲ್ಲಿ ಇಂಥವರು, ಧ್ವನಿವರ್ಧಕ ಇಂಥವರದು. ಕೊನೆಗೆ ಉಸಿರು ಮುಗಿಯುವಾಗ, "ಮತ್ತು ಕೋರಸ್" ಎನ್ನುತ್ತಿದ್ದ. ಚಾಚಾ ಆ "ಮತ್ತು ಕೋರಸ್"ನಲ್ಲಿ ಇದ್ದರು.

ನನ್ನ ಮದುವೆಯ ಹಿಂದಿನ ವರ್ಷ ಕೀಬೋರ್ಡಿನವನು ಹೊಸ ಕೀಬೋರ್ಡು ತಂದ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಹತ್ತಾರು ಜನ ಸೇರಿ "ಆ..." ಎಂದ ಹಾಗೆ ಕೇಳುತ್ತಿತ್ತು. ಮುಂದಿನ ಕಾರ್ಯಕ್ರಮಕ್ಕೆ ವ್ಯಾನು ಹತ್ತಿದಾಗ ಹಿಂದಿನ ಸೀಟಿನಲ್ಲಿ ಆ ಮೂವರು ಇರಲಿಲ್ಲ. ಅವರು ಕೂರುತ್ತಿದ್ದ ಜಾಗದಲ್ಲಿ ಎರಡು ಸ್ಪೀಕರ್ ಡಬ್ಬಗಳಿದ್ದವು. ಆಮೇಲೆ ಹಾಡುಗಳ ಟ್ರ್ಯಾಕ್ ಬಂತು, ಕೀಬೋರ್ಡಿನವನೂ ಹೋದ. ಕೊನೆಗೆ ಆರ್ಕೆಸ್ಟ್ರಾವೇ ಹೋಯಿತು. ನಾನು ಸಂಸಾರಕ್ಕೆ ಬಿದ್ದೆ. ಹಾಡು ಅಂದರೆ ಪಾತ್ರೆ ತೊಳೆಯುವಾಗ ಬಾಯಿಗೆ ಬರುವಷ್ಟು... ಅಷ್ಟೇ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ, ಮಗಳು ಮೈಸೂರಿನ ಕಾಲೇಜಿಗೆ ಹೋಗತೊಡಗಿದಾಗ, ಅವಳ ಹಳೆಯ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಒಂದು ರಜೆಯಲ್ಲಿ ಅವಳೇ ಮೈಕು ತಂದುಕೊಟ್ಟು, ರೆಕಾರ್ಡು ಮಾಡುವುದು ಹೇಗೆಂದು ಕಲಿಸಿದಳು. ಸಾಮಾನು ಇಡುವ ಕೋಣೆಯಲ್ಲಿ ಅಕ್ಕಿ ಚೀಲಗಳನ್ನು ಒಂದು ಬದಿಗೆ ಸರಿಸಿ, ಸುತ್ತ ಹಗ್ಗ ಕಟ್ಟಿ, ಮನೆಯಲ್ಲಿದ್ದ ರಗ್ಗುಗಳನ್ನೆಲ್ಲ ನೇತುಹಾಕಿದೆವು. ಒಳಗೆ ಹೋಗಿ ನಿಂತರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಇಳಿಯುತ್ತಿತ್ತು. ಮಧ್ಯಾಹ್ನದ ಅಡುಗೆ ಮುಗಿಸಿ ಅಲ್ಲಿ ನಿಂತು ನಾನೇ ಕಟ್ಟಿದ ಸಣ್ಣ ಸಣ್ಣ ಹಾಡು ಹಾಡುತ್ತಿದ್ದೆ. ಹೊಳೆಯ ಮೇಲೆ ಒಂದು, ಮಗು ಮಲಗಿಸುವ ಒಂದು, ನಾಟಿಯ ಕೆಸರಿನ ಮೇಲೆ ಒಂದು. ಹಾಡಿ ಮುಗಿಸಿ ಕೇಳಿದಾಗ ಮಾತ್ರ ಏನೋ ಬೋಳು ಬೋಳು. ಬಯಲಿನಲ್ಲಿ ಒಬ್ಬಳೇ ನಿಂತ ಹಾಗೆ.

ಮಗಳು ಒಂದು ಆ್ಯಪ್ ಹಾಕಿಕೊಟ್ಟಳು. ನಾನು ಒಂದು ಸಾಲು ಹಾಡಿದರೆ ಸಾಕು, ಅದನ್ನು ಕೇಳಿಸಿಕೊಂಡು ಅದು ತಾನೇ ಹಿಮ್ಮೇಳ ಕಟ್ಟುತ್ತಿತ್ತು. ಒಂದು ದನಿ ನನಗಿಂತ ಮೇಲೆ, ಒಂದು ಕೆಳಗೆ, ಇನ್ನೆರಡು ಅಕ್ಕಪಕ್ಕ. ಯಾರ ಗಂಟಲಿನಿಂದಲೂ ಬಂದ ದನಿಗಳಲ್ಲ ಅವು. ಆದರೂ ಮೊದಲ ಸಲ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದಾಗ ಮೈ ಜುಮ್ಮೆಂದು ಹಿಂದೆ ತಿರುಗಿ ನೋಡಿದೆ. ರಗ್ಗುಗಳ ಸಂದಿಯಲ್ಲಿ ನಾಲ್ಕು ಜನ ಹೆಂಗಸರು ಸೆರಗು ಹೊದ್ದು ನಿಂತಿದ್ದಾರೆ ಅನ್ನಿಸಿತು. ಮುಖವಿಲ್ಲ, ಹೆಸರಿಲ್ಲ, ದನಿ ಮಾತ್ರ... ಅಂದಿನಿಂದ ನನ್ನ ಮಧ್ಯಾಹ್ನಗಳು ಅವರ ಜೊತೆ ಕಳೆಯತೊಡಗಿದವು.

ಒಂದು ದಿನ ಹೆಡ್‌ಫೋನ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ಜೋರಾಗಿ ಹಾಕಿ ಕೇಳುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಚಾಚಾ. ತಟ್ಟೆಯ ತುಂಬ ಚಾ ಲೋಟಗಳು, ಒಂದು ಬಟ್ಟಲಲ್ಲಿ ಸಮೋಸ.

"ನಿಮ್ಮನೇಗೆ ಬಂದವ್ರಲ್ಲ, ಹಾಡೋ ಹೆಣ್ಮಕ್ಳು, ಅವ್ರಿಗೆ ಅಂತ ಮಾಡವ್ಳೆ ನಿಮ್ ಚಾಚಿ" ಎಂದರು.

"ಯಾರೂ ಬಂದಿಲ್ಲ ಚಾಚಾ. ನಾನೊಬ್ಳೇ ಇರೋದು."

"ಅದೆಂಗೆ? ಆಗ್ಲಿಂದ ಕೇಳ್ತಾ ಇವ್ನಿ. ನಾಕ್ ಜನ ಅವ್ರೆ. ಒಬ್ಳದು ವಸಿ ಕೀಚಲು ದನಿ."

ನನಗೆ ನಗು ತಡೆಯಲಾಗಲಿಲ್ಲ. ಅವರನ್ನು ಒಳಗೆ ಕರೆದುಕೊಂಡು ಹೋಗಿ ರಗ್ಗು ಸರಿಸಿ ತೋರಿಸಿದೆ. ಅಕ್ಕಿ ಚೀಲ, ಮೈಕು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಅವರು ತಟ್ಟೆ ಹಿಡಿದುಕೊಂಡೇ ಮೂಲೆ ಮೂಲೆ ನೋಡಿದರು. ಚೀಲಗಳ ಹಿಂದೆಯೂ ಬಗ್ಗಿ ನೋಡಿದರು ಅಂತ ನೆನಪು.

ಅವರ ಟೋಪಿಯ ಮೇಲೆಯೇ ಹೆಡ್‌ಫೋನ್ ಇಟ್ಟು ಹಾಡು ಹಾಕಿದೆ. ನಿಂತೇ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ತುಟಿ ಅಲುಗತೊಡಗಿತು. ಸದ್ದಿಲ್ಲದೆ "ಆ..." ಎನ್ನುತ್ತಿದ್ದರು. ಎಲ್ಲಿ ದನಿಗಳು ಏಳಬೇಕೋ ಅಲ್ಲಿ ಅವರ ಹುಬ್ಬು ಏಳುತ್ತಿತ್ತು, ಎಲ್ಲಿ ತಗ್ಗಬೇಕೋ ಅಲ್ಲಿ ತಲೆ ಬಾಗುತ್ತಿತ್ತು. ಹಾಡು ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ.

ನನಗೆ ಆಗ ವ್ಯಾನಿನ ಹಿಂದಿನ ಸೀಟು ನೆನಪಾಯಿತು. "ಬೇಜಾರಾಯ್ತಾ ಚಾಚಾ?" ಎಂದೆ.

"ಬೇಜಾರ್ಯಾಕೆ?" ಅಂದರು. ಒಂದು ಚಾ ಲೋಟ ನನಗೆ ಕೊಟ್ಟು, ಒಂದು ತಾವು ತೆಗೆದುಕೊಂಡು ಅಕ್ಕಿ ಚೀಲದ ಮೇಲೆ ಕೂತರು. "ಆವತ್ತು ಕೋರಸ್ ಬ್ಯಾಡ ಅಂತ ನಮ್ಮನ್ನ ಇಳಿಸಿದ್ರು. ಈಗ ನೋಡು, ಇಲ್ದೆ ಆಗಕ್ಕಿಲ್ಲ ಅಂತ ಇಷ್ಟೆಲ್ಲಾ ಕಷ್ಟ ಬಿದ್ದು ಮಿಷನ್ ಮಾಡವ್ರೆ. ಹಿಂದೆ ಯಾರಾರ ಬೇಕು ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ಬುಡು."

ಅಂದು ಉಳಿದ ಚಾ ಎಲ್ಲ ನಾವಿಬ್ಬರೇ ಕುಡಿದೆವು.

ಆಮೇಲೆ ಅವರು ಆಗಾಗ ಬರತೊಡಗಿದರು. ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಮಿಷನ್ನಿಗೆ ಸ್ವಲ್ಪ ಬಿಡುವು ಕೊಟ್ಟು ಬರುತ್ತಿದ್ದರು. ಚೀಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಯಂತ್ರದ ಆ ನಾಲ್ಕು ದನಿಗಳನ್ನು ಮನುಷ್ಯರೆಂದೇ ಮಾತಾಡುತ್ತಿದ್ದರು. "ಇವತ್ತು ಎಡಗಡೆಯವ್ಳು ಸಂದಾಗಿ ಹಾಡವ್ಳೆ" ಎನ್ನುತ್ತಿದ್ದರು. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಹಳ್ಳಿಗಳ ಕಡೆಯಿಂದ ಗಾಳಿ ಬಂದರೆ ಸೊಪ್ಪು ಹದಮಾಡುವ ಬ್ಯಾರನ್ನು ಗೂಡುಗಳ ಸಿಹಿ ಒಗರು ವಾಸನೆ ಗವಾಕ್ಷಿಯಿಂದ ಇಳಿದು ರಗ್ಗುಗಳಲ್ಲಿ ಉಳಿಯುತ್ತಿತ್ತು. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಎಲ್ಲವೂ ನೀರಿನ ಅಡಿಯಲ್ಲಿ ನಡೆದ ಹಾಗೆ ಅನ್ನಿಸುತ್ತದೆ... ನಿಧಾನ, ಮಸುಕು, ತಂಪು.

ಒಮ್ಮೆ ಅವರ ದನಿ ಒಡೆದಂತೆ ಕೇಳಿತು. ನೆಗಡಿಯೇ ಎಂದು ವಿಚಾರಿಸಿದೆ. ಅವರು ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಾ, ಯಾರದೋ ಅಳತೆ ಹೇಳುವ ಹಾಗೆ ಹೇಳಿದರು. ಗಂಟಲಲ್ಲಿ ಗಡ್ಡೆ. ಮೈಸೂರಿನ ಆಸ್ಪತ್ರೆಯಲ್ಲಿ ನೋಡಿದ್ದಾರೆ. ಕತ್ತರಿಸಿ ತೆಗೆಯಬೇಕು, ತೆಗೆದ ಮೇಲೆ ದನಿ ಇರುವುದಿಲ್ಲ.

ಓಡುತ್ತಿದ್ದ ಹಾಡನ್ನು ನಿಲ್ಲಿಸಿದೆ.

"ಒಂದು ಕೇಳ್ಲಾ?" ಅಂದರು. "ನಿಮ್ ಚಾಚಿ ಮದ್ವೆಯಾದ ವರ್ಷ ನಮ್ ಪ್ರೋಗ್ರಾಮ್ ನೋಡಕ್ಕೆ ಕೆ.ಆರ್. ನಗರಕ್ಕೆ ಬಂದಿದ್ಲು. ಮನೇಗೆ ಬಂದ್ಮೇಲೆ ಕೇಳ್ದೆ, ಎಂಗಿತ್ತು ಅಂತ. ಅಷ್ಟು ಜನದಾಗೆ ನಿಮ್ದು ಯಾವ್ದು ಅಂತ ಗೊತ್ತಾಗ್ಲೇ ಇಲ್ಲ ಅಂದ್ಬುಟ್ಲು. ಅದಾದ್ಮೇಲೂ ಎಷ್ಟೋ ಸಲ ಬಂದವ್ಳೆ. ಒಂದ್ ಸಲಾನೂ ಸಿಗ್ಲಿಲ್ಲ ಅವ್ಳಿಗೆ. ಕೋರಸ್ ಅಂದ್ರೆ ಅಂಗೇ ಅಲ್ವಾ, ಸಿಗ್ಬಾರ್ದು. ಈಗ ಆಪರೇಷನ್ನಿಗೆ ಮುಂಚೆ ಒಂದ್ ಹಾಡು... ನಾನೊಬ್ನೇ ಅಂತ ಗೊತ್ತಾಗೋ ಅಂಗೆ..."

ಸಿನಿಮಾದ ಯಾವುದಾದರೂ ಹಾಡು ಆರಿಸಿಕೊಳ್ಳಿ ಎಂದೆ. ತಲೆಯಾಡಿಸಿದರು. ಆ ಹಾಡುಗಳಿಗೆಲ್ಲ ಮುಂದೆ ನಿಲ್ಲುವವರು ಆಗಲೇ ಇದ್ದಾರೆ, ಅದರಲ್ಲಿ ತಮ್ಮ ಜಾಗ ಹಿಂದೆಯೇ ಎಂದರು. ಹಾಗಾದರೆ ಏನು ಹಾಡುತ್ತೀರಿ, ಯಾವುದರ ಮೇಲೆ ಹಾಡುತ್ತೀರಿ ಎಂದು ಕೇಳಿದೆ. ಆಗ ಅವರು ಕಾರ್ಯಕ್ರಮ ಮುಗಿಸಿ ಮನೆಗೆ ಬರುತ್ತಿದ್ದುದನ್ನು ಹೇಳಿದರು. ಬೆಳಗಿನ ಜಾವ ವ್ಯಾನು ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದರು, ಬೀದಿಯವರಿಗೆ ಎಚ್ಚರವಾಗಬಾರದೆಂದು. ಬಾಗಿಲು ಬಡಿಯದೆ, ಕಿಟಕಿಯ ಹತ್ತಿರ ನಿಂತು ಸಣ್ಣಗೆ ಕರೆದರೆ ಚಾಚಿ ಎದ್ದು ಚಿಲಕ ತೆಗೆಯುತ್ತಿದ್ದರು.

ನಾನು ಅದನ್ನೇ ಹಾಡು ಕಟ್ಟಿದೆ. ಹೊಲಿಯುವಾಗ ಅವರ ಬಾಯಲ್ಲಿ ಸದಾ ಗುನುಗುವ ಒಂದು ಧಾಟಿ ಇತ್ತು, ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅದಕ್ಕೆ ಮಾತು ಕೂರಿಸಿದೆ.

ಬಾಗಿಲ ತೆಗೆಯೇ, ಬೆಳಗಾಯ್ತು,
ದೂರದ ಹಾಡು ಮುಗಿದಾಯ್ತು...

ಹೀಗೆ ಶುರುವಾಗುತ್ತಿತ್ತು. ಓದಿ ಹೇಳಿದಾಗ ಅವರು ಟೋಪಿ ತೆಗೆದು ತಲೆ ನೇವರಿಸಿಕೊಂಡು, ಮತ್ತೆ ಹಾಕಿಕೊಂಡರು.

ಸುಲಭದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಮೊದಲ ದಿನ ಶ್ರುತಿ ಹಾಕಿ, ಮೈಕಿನ ಮುಂದೆ ಅವರನ್ನು ನಿಲ್ಲಿಸಿ, ಕೈ ಸನ್ನೆ ಮಾಡಿದೆ. ಅವರು ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡುತ್ತಾ ನಿಂತರು.

"ಯಾಕ್ ಚಾಚಾ, ಶುರು ಮಾಡ್ಲಿಲ್ಲ?"

"ನೀನು ಎತ್ಕತೀಯ ಅಂತ ಕಾಯ್ತಿದ್ದೆ ಕಣವ್ವ" ಎಂದು ನಾಚಿಕೊಂಡರು.

ಜೀವಮಾನವಿಡೀ ಇನ್ನೊಬ್ಬರು ಒಂದು ಸಾಲು ಹಾಡಿದ ಮೇಲೆ ಬಾಯಿ ತೆರೆದವರು ಅವರು. ಮೈಕನ್ನು ಮುಖದ ಹತ್ತಿರ ತಂದರೆ ಅವರಿಗೆ ಅರಿವಿಲ್ಲದೆಯೇ ಕಾಲು ಹಿಂದೆ ಸರಿಯುತ್ತಿತ್ತು. ಯಾರಾದರೂ ಜೊತೆಗಿದ್ದರೆ ಧೈರ್ಯ ಬಂದೀತು ಎಂದು ಆ ನಾಲ್ಕು ದನಿಗಳನ್ನು ಅವರ ಕಿವಿಗೆ ಬಿಟ್ಟೆ. ಆಗ ಹಾಡಿದರು. ಚೆನ್ನಾಗಿಯೂ ಹಾಡಿದರು. ಆದರೆ ಆಮೇಲೆ ಕೇಳಿದರೆ ಅವರೆಲ್ಲಿ? ಯಂತ್ರದ ಹೆಂಗಸರು ಎಷ್ಟು ಸಣ್ಣಗೆ ಹಾಡಿದರೆ ಅದಕ್ಕಿಂತ ಸಣ್ಣಗೆ ಇವರು. ಅವರ ದನಿಯೊಳಗೆ ತಮ್ಮ ದನಿಯನ್ನು ಮಡಿಸಿ ಇಟ್ಟುಬಿಟ್ಟಿದ್ದರು, ಹೊಲಿಗೆ ಕಾಣದ ಹಾಗೆ.

ಅವರಿಗೇ ನಗು ಬಂತು. "ಇಲ್ಲೂ ನಾನು ಸಿಗ್ತಾ ಇಲ್ವಲ್ಲ ಕಣವ್ವ!"

ಸರಿ, ಆ ದನಿಗಳನ್ನು ತೆಗೆದುಬಿಟ್ಟೆ. ಬರೀ ಶ್ರುತಿ. ಈಗ ಅವರು ಎರಡನೆಯ ಮಾತಿಗೇ ನಿಂತರು. ಮತ್ತೆ ಮಾಡಿದರು, ಮತ್ತೆ ನಿಂತರು. ಬೆವರು ಒರೆಸಿಕೊಂಡರು. ಹಿಂದೆ ಯಾರಾದರೂ ಇದ್ದರೆ ಅವರಲ್ಲಿ ಕರಗಿಹೋಗುತ್ತಿದ್ದರು, ಯಾರೂ ಇಲ್ಲದಿದ್ದರೆ ದನಿಯೇ ಏಳುತ್ತಿರಲಿಲ್ಲ. ದಿನಗಳು ಹೋದವು. ಆಸ್ಪತ್ರೆಗೆ ಸೇರುವ ದಿನ ಹತ್ತಿರ ಬಂತು. ಅವರ ದನಿ ದಿನೇ ದಿನೇ ಒರಟಾಗುತ್ತಿತ್ತು, ಒಂದೊಂದು ಮಧ್ಯಾಹ್ನ ಮಾತು ಕೂಡ ಪೂರ್ತಿ ಬರುತ್ತಿರಲಿಲ್ಲ.

ಕೊನೆಗೊಂದು ದಿನ ಹೆಡ್‌ಫೋನನ್ನು ನಿಧಾನವಾಗಿ ಸ್ಟೂಲಿನ ಮೇಲಿಟ್ಟು, "ಬುಡವ್ವ. ನನ್ನ ಕೈಲಾಗಕ್ಕಿಲ್ಲ. ಅವ್ಳಿಗೇನು ಹೇಳಿಲ್ಲ ನಾನು. ಹಿಂಗೇ ಮುಗ್ದೋಗ್ಲಿ" ಎಂದರು. ಬಾಗಿಲ ಕಡೆ ಹೊರಟರು.

ಆಗ ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. "ಇರಿ ಚಾಚಾ. ನಾನು ಹಿಂದೆ ನಿಂತ್ಕತೀನಿ, ನೀವು ಮುಂದೆ ನಿಂತು ಎತ್ಕಳಿ" ಎಂದೆ.

ಅವರು ಹೊಸ್ತಿಲಲ್ಲೇ ತಿರುಗಿದರು. "ನೀನಾ? ನೀನು ಕೋರಸ್ಸಾ?" ಕಣ್ಣಿನಲ್ಲಿ ತುಂಟತನ. ಅದೇ ವ್ಯಾನಿನ ಕಾಲದ ಚಾಚಾ.

ಅವರ ಬೆನ್ನ ಹಿಂದೆ, ರಗ್ಗಿಗೆ ಒತ್ತಿಕೊಂಡು ನಿಂತೆ. ಅವರು ಒಂದು ಸಾಲು ಎತ್ತಿಕೊಂಡರು. ನಾನು "ಆ..." ಎಂದೆ. ಕೂಡಲೇ ನಿಲ್ಲಿಸಿ ಹಿಂದೆ ತಿರುಗಿದರು.

"ಮುಂದೆ ಬತ್ತಾ ಇದ್ದೀಯ ಕಣವ್ವ. ಹಾಡು ನಂದು!"

ಇಬ್ಬರೂ ನಕ್ಕೆವು. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು, ನೀರು ಕುಡಿದರು. ಮತ್ತೆ ನಿಂತೆವು. ಈ ಸಲ ನಾನು ಅವರ ಭುಜ ನೋಡುತ್ತಾ ನಿಂತೆ. ಉಸಿರು ಎಳೆದುಕೊಂಡಾಗ ಅಂಗಿಯ ಬೆನ್ನು ಸ್ವಲ್ಪ ಏಳುತ್ತಿತ್ತು. ಅದು ಎದ್ದಾಗ ನಾನೂ ಉಸಿರು ತುಂಬಿಕೊಂಡೆ, ಅವರು ಸಾಲು ಬಿಟ್ಟ ಮೇಲೆ ನಾನು ಹಿಡಿದೆ. ಅಷ್ಟು ವರ್ಷ ವೇದಿಕೆಯ ಮುಂದೆ ನಿಂತವಳಿಗೆ ಆ ಜಾಗ ಹೊಸದು. ಅಲ್ಲಿಂದ ಕಾಣುವುದು ಜನ ಅಲ್ಲ, ದೀಪ ಅಲ್ಲ. ಒಬ್ಬ ಮನುಷ್ಯನ ಬೆನ್ನು, ಕುತ್ತಿಗೆಯ ಮೇಲಿನ ನರೆತ ಕೂದಲು, ಅಷ್ಟೇ. ಆ ಬೆನ್ನು ಬೀಳದ ಹಾಗೆ ದನಿಯಿಂದ ಹಿಡಿದುಕೊಂಡಿರುವುದು...

ಅವರು ಹಾಡಿದರು. ಕಾಯಲಿಲ್ಲ, ಹಿಂದೆ ಸರಿಯಲಿಲ್ಲ. ದೊಡ್ಡ ದನಿಯೇನಲ್ಲ. ಸ್ವಲ್ಪ ಒಡಕು, ಸ್ವಲ್ಪ ಬಿಸಿ. "ಬಾಗಿಲ ತೆಗೆಯೇ" ಎನ್ನುವಲ್ಲಿ ನಿಜವಾಗಿಯೂ ಯಾರೋ ಬಾಗಿಲ ಹೊರಗೆ ನಿಂತಿದ್ದಾರೆ ಅನ್ನಿಸಿತು. ಕೊನೆಯ ಸಾಲು ಮುಗಿಯಿತು. ಎಲ್ಲೋ ಒಂದು ಲಾರಿ ಮರ ಹೇರಿಕೊಂಡು ಹೋದ ಸದ್ದು ಬಂತು.

ಮಾರನೆಯ ದಿನ ಕೂತು ಹಾಡನ್ನು ಸರಿಮಾಡಿದೆ. ಮೈಕಿನಲ್ಲಿ ನನ್ನ ದನಿಯೂ ದೂರದಿಂದ ಬಿದ್ದಿತ್ತು, ಅದನ್ನು ಹಾಗೇ ಉಳಿಸಿದೆ. ಚೆನ್ನಾಗಿರಲಿ ಎಂದು ಆ ನಾಲ್ಕು ದನಿಗಳನ್ನೂ ತೀರ ಸಣ್ಣಗೆ ಸೇರಿಸಿ ನೋಡಿದೆ. ಬೇಡ ಅನ್ನಿಸಿತು. ಇದು ಮನುಷ್ಯರು ಹಾಡಿದ ಹಾಡು, ಇದರಲ್ಲಿ ಯಂತ್ರ ಯಾಕೆ? ಚಾಚಾ ಬಂದಾಗ, "ಇವ್ರನ್ನ ತೆಗ್ದುಬಿಡ್ತೀನಿ ಚಾಚಾ, ನಾವಿಬ್ರೇ ಸಾಕು" ಎಂದೆ.

ಅವರು ನನ್ನ ಕೈ ಹಿಡಿದರು. ಮೊದಲ ಸಲ.

"ತೆಗೀಬ್ಯಾಡ ಕಣವ್ವ. ಬಂದು ನಿಂತವ್ರೆ ಪಾಪ. ನಿಂತೋರ್ನ ಬ್ಯಾಡ ಅಂತ ಕಳ್ಸೋದು ಏನು ಅಂತ ನಂಗೊತ್ತು."

ಅವು ಬರೀ ಸದ್ದು ಚಾಚಾ, ಅವರಿಗೇನು ಗೊತ್ತಾಗುತ್ತದೆ ಎಂದು ನಾನು ಹೇಳಬಹುದಿತ್ತು. ನಾಲ್ವರನ್ನೂ ಉಳಿಸಿದೆ. ಈಗಲೂ ಕಿವಿಗೊಟ್ಟು ಕೇಳಿದರೆ ಅವರಿದ್ದಾರೆ, ಮಂಜಿನ ಹಿಂದೆ ಮರಗಳಿದ್ದ ಹಾಗೆ.

ಮೈಸೂರಿಗೆ ಹೊರಡುವ ಹಿಂದಿನ ದಿನ ಚಾಚಿಯನ್ನು ಕರೆತಂದರು. ಚಾಚಿಗೆ ಏನೂ ಗೊತ್ತಿರಲಿಲ್ಲ. ನನ್ನ ಹಾಡು ಕೇಳಲು ಕರೆದದ್ದು ಎಂದುಕೊಂಡಿದ್ದರು. ಅಕ್ಕಿ ಚೀಲದ ಮೇಲೆ ಕೂರಿಸಿ, ಸೆರಗಿನ ಮೇಲೆ ಹೆಡ್‌ಫೋನ್ ಹಾಕಿದೆ. ಚಾಚಾ ಕೋಣೆಯ ಒಳಗೆ ಬರಲೇ ಇಲ್ಲ, ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತರು. ಹಾಡು ಹಾಕಿದೆ.

ಮೊದಲ ಸಾಲಿಗೇ ಚಾಚಿ ತಲೆಯೆತ್ತಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಹಾಡು ಮುಗಿದಾಗ ಹೆಡ್‌ಫೋನನ್ನು ತಾವೇ ತೆಗೆದು ಮಡಿಲಲ್ಲಿಟ್ಟುಕೊಂಡು, ಬಹಳ ಹೊತ್ತು ಅದರ ತಂತಿಯನ್ನು ನೇವರಿಸುತ್ತಾ ಕೂತರು.

"ಅರೆ, ಇದಾ?" ಎಂದರು ಕೊನೆಗೆ. ಮಾತು ನನ್ನೊಡನೆ, ಕಣ್ಣು ಬಾಗಿಲ ಕಡೆ. "ಸ್ಟೇಜ್ ಮ್ಯಾಲೆ ಎಷ್ಟು ಹುಡುಕ್ದೆ ನಾನು. ಏನೋ ದೊಡ್ಡ ದನಿ ಇರ್ತೈತೆ, ಹೊಸ್ದು ಇರ್ತೈತೆ ಅಂತ ಹುಡುಕ್ದೆ. ಇದು ಕಿಟಕಿ ತಾವ ನಿಂತು ಕರೀತಿದ್ರಲ್ಲ, ಅದೇ ದನಿ. ಇದು ನಂಗೆ ಗೊತ್ತಿದ್ದಿದ್ದೇ."

ಹೊರಗೆ ಚಾಚಾ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ಒಳಗೆ ಬರಲಿಲ್ಲ. ಚಾಚಿಯೇ ಎದ್ದು ಹೋದರು. ಇಬ್ಬರೂ ಅಂಗಳ ದಾಟಿ ಮನೆಗೆ ಹೋದುದನ್ನು ನಾನು ಕಿಟಕಿಯಿಂದ ನೋಡಿದೆ.

ಆಪರೇಷನ್ ಆಯಿತು. ವೈದ್ಯರು ಹೇಳಿದ ಹಾಗೆಯೇ ದನಿ ಹೋಯಿತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಮಿಷನ್ನಿನ ಮುಂದೆ ಕೂತರು. ಗುನುಗು ಇಲ್ಲದ ಮಿಷನ್ನಿನ ಸದ್ದು ಕೇಳುವುದು ಮೊದಮೊದಲು ನನಗೆ ಕಷ್ಟವಾಗುತ್ತಿತ್ತು. ನಾನು ಹಾಡುವಾಗ ಆ ಕಡೆಯಿಂದ ಕತ್ತರಿಯ ಹಿಡಿಯಲ್ಲಿ ಗೋಡೆಗೆ ತಾಳ ಹಾಕುತ್ತಿದ್ದರು. ತಾಳ ನಿಂತರೆ ಎಲ್ಲೋ ತಪ್ಪಿದ್ದೇನೆ ಎಂದು ಮತ್ತೆ ಹಾಡುತ್ತಿದ್ದೆ.

ಚಾಚಿ ತಮ್ಮ ಫೋನಿಗೆ ಆ ಹಾಡು ಹಾಕಿಸಿಕೊಂಡಿದ್ದರು. ಹೊಲಿಗೆಯ ಕೋಣೆಯಲ್ಲಿ ಕೂತು ಗುಂಡಿ ಹಚ್ಚುವಾಗ ಹಾಕುತ್ತಿದ್ದರು. ಮೊದಲು ಚಾಚಾ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದರಂತೆ. ಒಮ್ಮೆ ನಾನು ಅಲ್ಲಿದ್ದಾಗಲೇ ಪಿರಿಯಾಪಟ್ಟಣದ ಕಡೆಯ ಒಬ್ಬ ಹೆಂಗಸು ರವಿಕೆ ಹೊಲಿಸಲು ಬಂದವಳು, "ಯಾರು ಹಾಡಿರದು? ಸಂದಾಗದೆ" ಎಂದಳು. ಚಾಚಾ ಮಿಷನ್ ನಿಲ್ಲಿಸಿದರು. ಅಳತೆ ಟೇಪಿನ ತುದಿ ಹಿಡಿದು ತಮ್ಮ ಎದೆಗೆ ಮುಟ್ಟಿಸಿ ತೋರಿಸಿದರು. ಆ ಹೊತ್ತಿನ ಅವರ ಮುಖ... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ಕಾಯಿಲೆ ಮತ್ತೆ ಬಂತು. ಈ ಸಲ ಆಸ್ಪತ್ರೆಗೆ ಹೋಗಲು ಅವರು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಮಿಷನ್ ಸದ್ದಿಲ್ಲ ಎಂದು ಅನ್ನಿಸುತ್ತಿದ್ದಾಗಲೇ ಚಾಚಿಯ ಅಳು ಕೇಳಿತು. ಬೀದಿಯವರೆಲ್ಲ ಸೇರಿದರು. ಜಿನುಗು ಮಳೆಯಲ್ಲಿ ಅವರನ್ನು ಹೊತ್ತುಕೊಂಡು ಹೋಗುವಾಗ ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ.

ಈಗ ಆ ಮುಂದಿನ ಕೋಣೆಯಲ್ಲಿ ಚಾಚಿ ಸೀರೆಗಳಿಗೆ ಫಾಲ್ಸ್ ಹಾಕುತ್ತಾರೆ. ನಾನು ಹಾಡುತ್ತೇನೆ. ನಾಲ್ಕು ಹೆಂಗಸರೂ ಬರುತ್ತಾರೆ. ಇತ್ತೀಚೆಗೆ ಆ್ಯಪ್ ಹೊಸದಾಗಿದೆ. ಮೊನ್ನೆ, ಆ ವಾಸನೆ ಬಂದ ದಿನವೇ, ತಡೆಯಲಾಗದೆ ಚಾಚಾರ ಹಾಡನ್ನು ತೆರೆದೆ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಈ ದನಿಯನ್ನು ಕಲಿತುಕೊಂಡು ಇದರಿಂದಲೇ ಹಿಮ್ಮೇಳ ಮಾಡಿಕೊಡಲೇ ಎಂದು. ನಾನು ಹೂಂ ಎಂದರೆ ಸಾಕು, ಇನ್ನು ಮುಂದಿನ ನನ್ನ ಎಲ್ಲ ಹಾಡುಗಳಲ್ಲೂ ಚಾಚಾ "ಆ..." ಎನ್ನುತ್ತಾರೆ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವರ ದನಿ ಮತ್ತೆ ನನ್ನ ಹಿಂದೆ...

ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಚಾಚಿಯ ಹತ್ತಿರ ಹೋದೆ. ಅರ್ಥವಾಗುವ ಹಾಗೆ ಎಲ್ಲ ಹೇಳಿದೆ. ಅವರು ಸೂಜಿ ಬಟ್ಟೆಗೆ ಚುಚ್ಚಿ ಇಟ್ಟು ಪೂರ್ತಿ ಕೇಳಿಸಿಕೊಂಡರು.

"ಅವರು ನಿನ್ನ ಹಿಂದೆ ನಿಂತು ಹಾಡ್ತಾರಾ?" ಎಂದು ಕೇಳಿದರು.

"ಹೂಂ ಚಾಚಿ. ಅವರದ್ದೇ ದನಿ."

ಚಾಚಿ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಬ್ಯಾಡ ಮಗಳೇ. ಅಷ್ಟು ಕಷ್ಟ ಪಟ್ಟು ಒಂದೇ ಒಂದ್ ಸಲ ಮುಂದೆ ಬಂದವ್ರೆ. ಮತ್ತೆ ಹಿಂ‌ದಕ್ಕೆ ಕಳಿಸ್ಬ್ಯಾಡ."

ಮನೆಗೆ ಬಂದು ಬೇಡ ಎಂದು ಒತ್ತಿದೆ. ಹೊಸ ಹಾಡಿನ ಕೆಲಸ ಮುಂದುವರಿದಿದೆ. ಹೊಳೆ ದಾಟುವ ಹಾಡು ಅದು. ನಡುವೆ ಒಂದು ಕಡೆ ನನ್ನ ಸಾಲು ಮುಗಿದು ಮುಂದಿನ ಸಾಲು ಬರುವವರೆಗೆ ಒಂದು ಗಂಡು ದನಿ ಇರಬೇಕಿತ್ತು ಅನ್ನಿಸುತ್ತದೆ. ಆ್ಯಪ್‌ನಲ್ಲಿ ಬೇಕಾದಷ್ಟು ಗಂಡು ದನಿಗಳಿವೆ, ಒಂದನ್ನು ಆರಿಸಿ ಹಾಕಬಹುದು. ಹಾಕಿಲ್ಲ. ಕೇಳಿದವರಿಗೆ ಅಲ್ಲಿ ಏನೋ ಕಡಿಮೆಯಾಗಿದೆ ಎಂದು ಗೊತ್ತಾಗುವುದಿಲ್ಲ. ನನಗೆ ಪ್ರತಿ ಸಲವೂ ಗೊತ್ತಾಗುತ್ತದೆ...